ಭಿನ್ನಮಾನಗಳನ್ನು ಪೂರ್ಣಾಂಕಗಳಿಗಿಳಿಸುವ ಕ್ರಮ: ಜ್ಯಾಪಿಂಡಗಳಿಂದ ಉಪಗ್ರಹಚಿತ್ರಗಳವರೆಗೆ

ಕೆಲವು ವರ್ಷಗಳ ಹಿಂದೆ ನಾನು ಕಡೂರು ಬೀರೂರುಗಳ ಸೀಮೆಯ ಕೆರೆಗಳಿಗೆ ಸಂಬಂಧಿಸಿದ ಶಾಸನಗಳನ್ನು ಒಂದೆಡೆ ಕೂಡಿಸಿ ನೋಡುತ್ತಿದ್ದೆನು. ಯಾವ ಕಾಲದ ಕೆರೆಯು ಎಷ್ಟು ಎತ್ತರದ ನೆಲದಲ್ಲಿದೆಯೆಂಬುದು ಗೊತ್ತಾದರೆ, ಜನರು ನೀರನ್ನರಸಿ ಯಾವ ಕಡೆಯಿಂದ ಯಾವ ಕಡೆಗೆ ಸಾಗಿದರೆಂಬ ವಿಷಯಕ್ಕೆ ಸ್ವಲ್ಪ ಬೆಳಕು ಬಿದ್ದೀತೆಂದು ನನ್ನ ಎಣಿಕೆ. ಎತ್ತರಗಳನ್ನು ನೆಲದ ಮೇಲೆ ಅಳೆಯುವ ಶಕ್ತಿ ನನಗಿಲ್ಲ. ಆದಕಾರಣ ಗಣಕಯಂತ್ರದ ಭೂಪಟವಿದ್ಯೆಯಲ್ಲಿ, ಎಂದರೆ ಈಗ ಎಲ್ಲರೂ ಜಿ.ಐ.ಎಸ್. ಎಂದು ಕರೆಯುವ ಶಾಸ್ತ್ರದಲ್ಲಿ, ಪರಿಶ್ರಮವುಳ್ಳ ನನ್ನ ಶಿಷ್ಯನೊಬ್ಬನ ಮೂಲಕ ಒಂದು ಕಚೇರಿಯಿಂದ ಎತ್ತರದ ಪಟವನ್ನು ತರಿಸಿಕೊಂಡೆನು. ಪಟದಲ್ಲಿ 0ಯಿಂದ 255ರವರೆಗಿನ ಸಂಖ್ಯೆಗಳಿದ್ದುವು. ಹೆಚ್ಚಿನ ಸಂಖ್ಯೆ ಹೆಚ್ಚಿನ ಎತ್ತರವೆಂದು ನಾನು ತಿಳಿದೆನು. ಬೀರೂರಿನ ಕಡೆಯ ಕೆರೆಗಳಿಗೆ 98ರ ಆಸುಪಾಸು, ಕಡೂರಿನ ಕಡೆಯ ಕೆರೆಗಳಿಗೆ 83ರ ಆಸುಪಾಸು ಬಂದಿತು. ಎರಡೂರುಗಳ ನಡುವೆ ನೆಲವು ಮೆಟ್ಟಿಲಿನಂತೆ ಇಳಿದಿದೆಯೆಂದೂ, ಆ ಮೆಟ್ಟಿಲಿನ ಮೇಲ್ಭಾಗದಲ್ಲಿ ಮೊದಲು ಕೆರೆಗಳಾದುವೆಂದೂ ಎರಡು ಪುಟಗಳಷ್ಟು ಬರೆದು ಮುಗಿಸಿದೆನು.

ಅಚ್ಚಿಗೆ ಕಳುಹಿಸುವುದಕ್ಕೆ ಮುಂಚೆ ಅದನ್ನು ಓದಿದ ಶಿಷ್ಯನು ಒಂದೇ ಮಾತು ಕೇಳಿದನು: “ಗುರುಗಳೆ, ತಾವು ಬೀರೂರಿನಿಂದ ಕಡೂರಿಗೆ ಎಷ್ಟೋ ಸಲ ರೈಲಿನಲ್ಲಿ ಹೋಗಿದ್ದೀರಿ. ಗಾಡಿ ಎಂದಾದರೂ ಅಷ್ಟು ದೊಡ್ಡ ಇಳಿಜಾರನ್ನು ಇಳಿದ ನೆನಪುಂಟೆ?” ನೆನಪಿರಲಿಲ್ಲ, ಇರಲು ಸಾಧ್ಯವೂ ಇಲ್ಲ. ಅಲ್ಲಿ ನೆಲವು ಹೆಚ್ಚುಕಡಮೆ ಸಮವಾಗಿಯೇ ಇದೆ. ಹಾಗಾದರೆ ಆ ಮೆಟ್ಟಿಲು ಎಲ್ಲಿಂದ ಬಂದಿತು? ಇದನ್ನು ಬೆನ್ನಟ್ಟಿಹೋದಾಗ ನನಗೆ ದೊರೆತ ವಿಷಯವು ಕೆರೆಗಳಿಗಿಂತ ಹಳೆಯದಾಗಿಯೂ ಹೊಸದಾಗಿಯೂ ಇದ್ದಿತು. ಸಾಹಿತ್ಯಪತ್ರಿಕೆಯಲ್ಲಿ ಇದಕ್ಕೇನು ಕೆಲಸವೆಂದು ವಾಚಕರು ಕೇಳಬಹುದು. ಶಾಸನಗಳನ್ನೂ ಗ್ರಂಥಗಳ ದೇಶಕಾಲಗಳನ್ನೂ ವಿಚಾರಮಾಡತಕ್ಕವರು ಇಂತಹ ಪಟಗಳನ್ನು ಈಗ ದಿನದಿನವೂ ಉಪಯೋಗಿಸುತ್ತಿದ್ದಾರೆ. ಅವರಲ್ಲಿ ಅನೇಕರು ನನ್ನಂತೆಯೇ ಸಂಖ್ಯೆಯನ್ನು ಮಾತ್ರ ಓದಿ ಅದರ ಮಾನವನ್ನು ವಿಚಾರಿಸದವರು. ಆದುದರಿಂದ ಇದನ್ನು ಬರೆಯಲುದ್ಯುಕ್ತನಾದೆನು.

ಮೊದಲು ಪಟದ ಸ್ವರೂಪವನ್ನು ಹೇಳಬೇಕು. ನೆಲವನ್ನು ಚದುರಂಗದ ಹಾಸಿನಂತೆ ಸಣ್ಣಸಣ್ಣ ಮನೆಗಳಾಗಿ ವಿಭಾಗಿಸಿ, ಒಂದೊಂದು ಮನೆಗೂ ಒಂದೊಂದು ಸಂಖ್ಯೆಯನ್ನಿಟ್ಟರೆ ಅದಕ್ಕೆ ರಾಸ್ಟರ್ ಎಂದು ಹೆಸರು. ಸಂಖ್ಯೆಯು ಎತ್ತರವಾಗಬಹುದು, ಉಷ್ಣವಾಗಬಹುದು, ಪೈರಿನ ಹಸುರಾಗಬಹುದು. ಇವೆಲ್ಲವೂ ಸ್ವಭಾವತಃ ಭಿನ್ನಗಳು. ನೆಲವು 760 ಮೀಟರಿನಿಂದ 761ಕ್ಕೆ ಹಾರುವುದಿಲ್ಲ. ಭಿನ್ನಗಳನ್ನು ಹಿಡಿದಿಡಲು ಯಂತ್ರದಲ್ಲಿ ಫ್ಲೋಟಿಂಗ್ ಪಾಯಿಂಟ್ ಎಂಬ ಬಗೆಯುಂಟು. ದಶಾಂಶದ ಬಿಂದುವು ಒಂದೇ ಸ್ಥಾನದಲ್ಲಿ ನಿಲ್ಲದೆ ಬೇಕಾದಂತೆ ಹಿಂದುಮುಂದಕ್ಕೆ ಸರಿಯುವುದರಿಂದ ಈ ಹೆಸರು. 1941ರಲ್ಲಿ ಬರ್ಲಿನಿನಲ್ಲಿ ಕೊನ್ರಾಡ್ ತ್ಸೂಸೆಯು ಪೂರ್ಣಗೊಳಿಸಿದ ಯಂತ್ರದಲ್ಲಿಯೇ ಇದು ಇದ್ದಿತು. 1985ರಲ್ಲಿ ಇದಕ್ಕೆ ಎಲ್ಲ ಯಂತ್ರಗಳಿಗೂ ಸಮಾನವಾದ ನಿಯಮವು ಏರ್ಪಟ್ಟಿತು. ಅದರ ಪ್ರಕಾರ ಸಾಮಾನ್ಯವಾದ ಒಂದು ಸಂಖ್ಯೆಗೆ 32 ಬಿಟ್ಟುಗಳು, ಎಂದರೆ 4 ಬೈಟುಗಳು, ಬೇಕು. ಚಿಕ್ಕ ಪೂರ್ಣಾಂಕಕ್ಕಾದರೋ ಒಂದೇ ಬೈಟು ಸಾಕು. ಅದರಲ್ಲಿ 0ಯಿಂದ 255ರವರೆಗೆ ಬರೆಯಬಹುದು. ಎರಡು ಬೈಟುಗಳಲ್ಲಿ 65535ರವರೆಗೆ, ಋಣಸಂಖ್ಯೆಗಳೂ ಬೇಕಾದರೆ −32768ರಿಂದ 32767ರವರೆಗೆ, ಬರೆಯಬಹುದು. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆಯು ಹನ್ನೊಂದು ದಿನಗಳ ಕಾಲ ಭೂಮಿಯನ್ನು ಸುತ್ತಿ ಅಳೆದ ಎತ್ತರಗಳ ಒಂದು ಹಾಳೆಯಲ್ಲಿ 1201ನ್ನು 1201ರಿಂದ ಗುಣಿಸಿದಷ್ಟು, ಎಂದರೆ 14,42,401 ಮನೆಗಳಿವೆ. ಪೂರ್ಣಾಂಕದಲ್ಲಿ ಬರೆದುದರಿಂದ ಅದು 28,84,802 ಬೈಟುಗಳಲ್ಲಿ ಮುಗಿಯಿತು; ಭಿನ್ನದಲ್ಲಿ ಬರೆದಿದ್ದರೆ ಇದರ ಎರಡರಷ್ಟಾಗುತ್ತಿದ್ದಿತು. ಭೂಮಿಯ ಬಹುಭಾಗಕ್ಕೆ ಬೇಕಾದ ಹಾಳೆಗಳನ್ನು ನೆನೆದರೆ ಪೂರ್ಣಾಂಕದ ಮೇಲಣ ಆಸೆಗೆ ಕಾರಣವು ತಾನೇ ತೋರುತ್ತದೆ.

ಭಿನ್ನವನ್ನು ಪೂರ್ಣಾಂಕಕ್ಕೆ ಇಳಿಸುವ ಉಪಾಯವು ಸುಲಭ. ಒಂದು ಗುಣಕದಿಂದ ಗುಣಿಸಿ, ಬೇಕಾದರೆ ಒಂದು ಕ್ಷೇಪವನ್ನು ಕೂಡಿಸಿ, ಉಳಿದ ಭಿನ್ನವನ್ನು ಬಿಡುವುದು ಅಥವಾ ಏರಿಸುವುದು. ಗುಣಕ, ಕ್ಷೇಪ ಎಂಬ ಪದಗಳು ನಮ್ಮ ಬೀಜಗಣಿತದವು; ಹೊಸ ಶಾಸ್ತ್ರಕ್ಕೆ ಹೊಸ ಪದಗಳನ್ನು ಹುಡುಕುವ ಶ್ರಮವು ಇಲ್ಲಿ ನಮಗೆ ಬೀಳಲಿಲ್ಲ. ಪದಗಳು ಮಾತ್ರವಲ್ಲ, ಉಪಾಯವೂ ಬಹಳ ಹಳೆಯದು. ಅದು ಹೇಗೆಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಕ್ರಿ. ಶ. 499ರ ಆರ್ಯಭಟೀಯದಲ್ಲಿ ಇಪ್ಪತ್ತನಾಲ್ಕು ಜ್ಯೆಗಳು ಹೇಳಲ್ಪಟ್ಟಿವೆ. ಈಗಿನವರು 30 ಅಂಶಗಳ ಸೈನ್ ಎಂಬುದನ್ನು 0.5 ಎಂದು ಭಿನ್ನದಲ್ಲಿ ಹೇಳುತ್ತಾರೆ. ಆರ್ಯಭಟನಿಗೆ ಅದು 1719. ಏಕೆಂದರೆ ಪರಿಧಿಯನ್ನು 21600 ಕಲೆಗಳೆಂದು ಹಿಡಿದರೆ ವ್ಯಾಸಾರ್ಧವು 3437ಕ್ಕೆ ಮುಕ್ಕಾಲಿನಷ್ಟು ಹೆಚ್ಚು. ಅದನ್ನು 3438 ಎಂದು ಪೂರ್ಣಾಂಕಮಾಡಿ, ಸಕಲ ಜ್ಯೆಗಳನ್ನೂ ಆ ಮಾನದಲ್ಲಿಯೇ ಪೂರ್ಣಾಂಕಗಳಾಗಿ ಬರೆದಿದ್ದಾನೆ. 0ಗೂ 1ಕ್ಕೂ ನಡುವೆ ಇರುವ ಭಿನ್ನಗಳನ್ನೆಲ್ಲ 3438 ಎಂಬ ಗುಣಕದಿಂದ ಏರಿಸಿ ಭಿನ್ನಶೇಷವನ್ನು ತೊರೆದನೆಂದು ಇದರ ಅರ್ಥ. ಅಷ್ಟೇ ಅಲ್ಲ. ಜ್ಯೆಗಳನ್ನೇ ಬರೆಯದೆ ಅವುಗಳ ಅಂತರಗಳನ್ನು, 225, 224, 222, 219 ಎಂದು ಇಳಿಯುತ್ತ ಕೊನೆಗೆ 22, 7 ಎಂಬವನ್ನು, ಅಕ್ಷರಸಂಖ್ಯೆಗಳಿಂದ ಒಂದು ಪದ್ಯದಲ್ಲಿ ಅಡಗಿಸಿದ್ದಾನೆ. ದೊಡ್ಡ ಸಂಖ್ಯೆಗಳ ಬದಲು ಅವುಗಳ ಚಿಕ್ಕ ಅಂತರಗಳನ್ನು ಇಟ್ಟರೆ ಸ್ಥಳ ಉಳಿಯುತ್ತದೆಯೆಂಬುದನ್ನು 1992ರ ಟಿಫ್ ಎಂಬ ಚಿತ್ರಲಿಪಿಯ ನಿಯಮದಲ್ಲಿಯೂ ಕಾಣಬಹುದು. ಇದನ್ನು ಓದಿ, ಹಾಗಾದರೆ ಅವರು ನಮ್ಮವರಿಂದ ಕಲಿತರೆಂದು ಯಾರೂ ಹಿಗ್ಗಬೇಕಾದುದಿಲ್ಲ. ಒಬ್ಬನಿಗೆ ಶಿಷ್ಯನ ನೆನಪಿನಲ್ಲಿ ಸ್ಥಳ ಸಾಲದು, ಇನ್ನೊಬ್ಬನಿಗೆ ಯಂತ್ರದ ನೆನಪಿನಲ್ಲಿ ಸಾಲದು. ನಿರ್ಬಂಧವು ಒಂದೇ ಆದುದರಿಂದ ಉಪಾಯವೂ ಒಂದೇ ಆಯಿತು.

ಮುಖ್ಯವಾದ ಸಂಗತಿ ಮುಂದಿದೆ. ಆರ್ಯಭಟನ ಮಾನವನ್ನು ಎಲ್ಲರೂ ಅನುಸರಿಸಲಿಲ್ಲ. ವರಾಹಮಿಹಿರನ ಪಂಚಸಿದ್ಧಾಂತಿಕೆಯಲ್ಲಿ ವ್ಯಾಸಾರ್ಧವು 120. ಬ್ರಹ್ಮಗುಪ್ತನು 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ 3270 ಎಂದು ಹಿಡಿದು, 665ರ ಖಂಡಖಾದ್ಯಕದಲ್ಲಿ ತಾನೇ 150 ಎಂದು ಬದಲಾಯಿಸಿದನು. ಆದುದರಿಂದ ಅದೇ 30 ಅಂಶಗಳ ಜ್ಯೆಯು ಒಂದು ಕಡೆ 1719, ಒಂದು ಕಡೆ 60, ಒಂದು ಕಡೆ 1635, ಒಂದು ಕಡೆ 75. ನಾಲ್ಕೂ ಸರಿ; ನಾಲ್ಕೂ ಒಂದೇ ವಸ್ತು. ಆದರೆ ಖಂಡಖಾದ್ಯಕದ 75ನ್ನು ತೆಗೆದುಕೊಂಡು ಪಂಚಸಿದ್ಧಾಂತಿಕೆಯ 120ರಿಂದ ಭಾಗಿಸಿದವನಿಗೆ ಕೋನವು 30ನ್ನು ಬಿಟ್ಟು 38 ಅಂಶಗಳನ್ನು ಮೀರಿಹೋಗುತ್ತದೆ. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿಲ್ಲ, ಫಲವೆಲ್ಲ ತಪ್ಪು. ಜ್ಯೋತಿಷದ ಗ್ರಂಥವನ್ನು ಪಾಠಹೇಳುವವರು ಮೊದಲು ವ್ಯಾಸಾರ್ಧವೆಷ್ಟೆಂದು ಕೇಳಿ ಆಮೇಲೆ ಕೋಷ್ಠಕವನ್ನು ಮುಟ್ಟುವುದು ಇದಕ್ಕಾಗಿಯೇ. ಪಾಠಶಾಲೆಯಲ್ಲಿ ಇದನ್ನು ಕೇಳಿ ಕಲಿತ ನಾನು, ಎತ್ತರದ ಪಟವನ್ನು ಕೈಗೆತ್ತಿಕೊಂಡಾಗ ಅದೇ ಪ್ರಶ್ನೆಯನ್ನು ಕೇಳಲಿಲ್ಲವೆಂಬುದು ನಾಚಿಕೆಯ ಸಂಗತಿ.

ಇಲ್ಲಿ ಒಂದು ಶಂಕೆ ಹುಟ್ಟಬಹುದು: ಭಿನ್ನವನ್ನು ಪೂರ್ಣಾಂಕಮಾಡಿದಾಗಲೆಲ್ಲ ಏನಾದರೂ ನಷ್ಟವಾಗಲೇಬೇಕೆ? ಆಗಬೇಕಾಗಿಲ್ಲ. ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಕಲಾಸವರ್ಣವೆಂಬ ವ್ಯವಹಾರವೇ ಉಂಟು. ಬೇರೆಬೇರೆ ಛೇದಗಳ ಭಿನ್ನಗಳನ್ನು ಒಂದೇ ವರ್ಣಕ್ಕೆ ತರುವುದು ಅದರ ವಿಷಯ; ಅದಕ್ಕೆ ಬೇಕಾದ ಅತ್ಯಲ್ಪ ಸಮಾನಛೇದಕ್ಕೆ ಆತನು ನಿರುದ್ಧವೆಂದು ಹೆಸರಿಟ್ಟಿದ್ದಾನೆ. ಅರ್ಧ, ತೃತೀಯಾಂಶ, ಮುಕ್ಕಾಲುಗಳನ್ನು 12ರಿಂದ ಗುಣಿಸಿದರೆ 6, 4, 9 ಆಗುತ್ತವೆ. ಬಿಟ್ಟುದು ಏನೂ ಇಲ್ಲ. ಗುಣಿಸುವುದರಿಂದ ನಷ್ಟವಿಲ್ಲವೆಂದೂ, ಗುಣಿಸಿದ ಮೇಲೂ ಉಳಿದ ಶೇಷವನ್ನು ಬಿಡುವುದರಿಂದಲೇ ನಷ್ಟವೆಂದೂ ಇದರಿಂದ ಸ್ಪಷ್ಟ. ನೆಲದ ಎತ್ತರಕ್ಕೆ ನಿರುದ್ಧವಿಲ್ಲದಿರುವುದರಿಂದ ಎಲ್ಲಿಯೋ ಒಂದು ಕಡೆ ಬಿಡಲೇಬೇಕು. ಎಷ್ಟು ಬಿಟ್ಟೆವೆಂಬುದು ಗೊತ್ತಿದ್ದರೆ ಬಾಧೆಯಿಲ್ಲ.

ಬಿಡುವ ಕ್ರಮದಲ್ಲಿಯೂ ಎರಡು ಪಕ್ಷಗಳುಂಟು. ಅರ್ಧಕ್ಕಿಂತ ಹೆಚ್ಚಾದರೆ ರೂಪವೊಂದನ್ನು ಕೂಡಿಸುವುದು ಒಂದು. ಎಷ್ಟಿದ್ದರೂ ಕಡಿದುಹಾಕುವುದು ಇನ್ನೊಂದು. ಆರ್ಯಭಟನ ಮೊದಲ ಐದು ಜ್ಯೆಗಳು, 225, 449, 671, 890, 1105, ಮೊದಲನೆಯ ಪಕ್ಷಕ್ಕೆ ಸರಿಯಾಗಿ ಹೊಂದುತ್ತವೆ. ಆರನೆಯದು ಮಾತ್ರ 1315. ಈಗಿನ ಗಣಿತದಿಂದ ಅದು 1315.67 ಆಗುವುದರಿಂದ 1316 ಎಂದಿರಬೇಕಾಗಿದ್ದಿತು. ಆರ್ಯಭಟನು ಅಂತರಗಳ ನಿಯಮದಿಂದ ಸಾಗಿದುದರಿಂದ ಹೀಗಾಯಿತೋ ಏನೋ. ಒಂದು ಕಲೆಯ ಅಂತರವು ದೊಡ್ಡದೂ ಅಲ್ಲ. ಯಂತ್ರದಲ್ಲಿ ಈ ವಿವೇಕವು ಇನ್ನೂ ಸೂಕ್ಷ್ಮ. ದ್ವಿಮಾನಪದ್ಧತಿಯಲ್ಲಿ 0.29 ಎಂಬುದನ್ನು ಪೂರ್ತಿಯಾಗಿ ಬರೆಯಲಾಗದು. ಅದನ್ನು 100ರಿಂದ ಗುಣಿಸಿದರೆ 29 ಬರುವ ಬದಲು 28.999999999999996 ಬರುತ್ತದೆ. ಕಡಿಯುವ ಪಕ್ಷದವನಿಗೆ ಇದು 28, ಏರಿಸುವವನಿಗೆ 29.

ಇನ್ನು ಉಪಗ್ರಹಗಳ ಇತಿಹಾಸಕ್ಕೆ ಬರೋಣ. 1972ರ ಜುಲೈ 23ರಂದು ಹಾರಿದ ಮೊದಲನೆಯ ಲ್ಯಾಂಡ್‌ಸ್ಯಾಟ್ ಉಪಗ್ರಹದ ಬಹುವರ್ಣ ಯಂತ್ರವು ಬೆಳಕನ್ನು 64 ಮೆಟ್ಟಿಲುಗಳಲ್ಲಿ ಅಳೆಯುತ್ತಿದ್ದಿತು. ಬೆಂಗಳೂರಿನಲ್ಲಿ ನಿರ್ಮಿತವಾಗಿ 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ನಮ್ಮ ಐ.ಆರ್.ಎಸ್. 1ಎ ಉಪಗ್ರಹಕ್ಕೆ 128 ಮೆಟ್ಟಿಲುಗಳು. ಆಕಾಶದಿಂದ ಬರುವ ಸಂಖ್ಯೆಗಳು ಹುಟ್ಟಿನಿಂದಲೇ ಪೂರ್ಣಾಂಕಗಳು. ನೆಲದ ಮೇಲೆ ಅವನ್ನು ಬೆಳಕಿನ ನಿಜವಾದ ಮಾನಕ್ಕೆ ತಿರುಗಿಸುವಾಗ ಭಿನ್ನಗಳಾಗುತ್ತವೆ. ಹಂಚುವಾಗ ಸ್ಥಳದ ಸಲುವಾಗಿ ಪುನಃ ಪೂರ್ಣಾಂಕಗಳಾಗುತ್ತವೆ. ಈ ಎರಡನೆಯ ಸಲದ ಇಳಿಕೆಯಲ್ಲಿಯೇ ಅಪಾಯವಿರುವುದು.

ಪೈರಿನ ಹಸುರನ್ನು ಅಳೆಯುವ ಎನ್.ಡಿ.ವಿ.ಐ. ಎಂಬ ಸಂಖ್ಯೆಯು −1ಕ್ಕೂ 1ಕ್ಕೂ ನಡುವೆ ಇರುತ್ತದೆ. ಇದನ್ನು ಹಾಗೆಯೇ ಪೂರ್ಣಾಂಕಮಾಡಿದರೆ ಹಸುರಿನ ಕಾಡೂ ಬೋಳುನೆಲವೂ 0 ಅಥವಾ 1 ಆಗಿಬಿಡುತ್ತವೆ. ಆದುದರಿಂದ 1999ರಲ್ಲಿ ಹಾರಿದ ಟೆರಾ ಉಪಗ್ರಹದ ಮೋಡಿಸ್ ಪಟಗಳಲ್ಲಿ ಅದನ್ನು 10000ದಿಂದ ಗುಣಿಸಿ ಇಟ್ಟಿದ್ದಾರೆ, 0.75 ಎಂಬುದು 7500. ಅದೇ ಉಪಗ್ರಹದ ಉಷ್ಣಪಟದಲ್ಲಿ ಮಾನವು ಬೇರೆ: ಅಲ್ಲಿ ಪ್ರತಿಯೊಂದು ರೂಪವೂ ಒಂದು ಕೆಲ್ವಿನ್ನಿನ ಐವತ್ತರಲ್ಲೊಂದು ಭಾಗ.

ಮಾನವು ಬದಲಾದಾಗ ಏನಾಗುತ್ತದೆಂಬುದಕ್ಕೆ ಯುರೋಪಿನ ಸೆಂಟಿನೆಲ್ 2 ಉಪಗ್ರಹಗಳೇ ನಿದರ್ಶನ. ಇವುಗಳಲ್ಲಿ ಮೊದಲನೆಯದು 2015ರಲ್ಲಿ ಹಾರಿತು. ನೆಲವು ಮರಳಿಸುವ ಬೆಳಕಿನ ಪಾಲನ್ನು 10000ದಿಂದ ಗುಣಿಸಿ ಬರೆಯುವುದು ಮೊದಲಿನ ಕ್ರಮ. ಬಹಳ ಕಪ್ಪಾದ ಸ್ಥಳಗಳಲ್ಲಿ ಲೆಕ್ಕವು ಕೆಲವು ವೇಳೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಋಣವನ್ನು ಬರೆಯಲು ಅಲ್ಲಿ ಸ್ಥಳವಿರಲಿಲ್ಲ. ಆದಕಾರಣ 2022ರ ಜನವರಿ 25ರಿಂದ ಎಲ್ಲ ಸಂಖ್ಯೆಗಳಿಗೂ 1000ವನ್ನು ಕೂಡಿಸಿ ಬರೆಯತೊಡಗಿದರು. ಕಾರಣವು ನ್ಯಾಯವಾದುದೇ, ಅವರು ಅದನ್ನು ಪ್ರಕಟಿಸಿಯೂ ಇದ್ದಾರೆ. ಆದರೆ ಅದನ್ನೋದದೆ ಹಳೆಯ ಕ್ರಮದಲ್ಲಿಯೇ ಲೆಕ್ಕಹಾಕಿದವನ ಗತಿಯನ್ನು ನೋಡಿ. ಒಂದು ಗದ್ದೆಯ ಕೆಂಪುಬೆಳಕು 0.05, ಅತಿರಕ್ತ ಬೆಳಕು 0.35 ಇರಲಿ. ಎರಡರ ಅಂತರವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಹಸುರು 0.75. ಕ್ಷೇಪವನ್ನು ಕಳೆಯಲು ಮರೆತವನಿಗೆ ಅವೇ 0.15, 0.45 ಎಂದು ತೋರಿ ಹಸುರು 0.50ಕ್ಕೆ ಇಳಿಯುತ್ತದೆ. ಒಂದೇ ರಾತ್ರಿಯಲ್ಲಿ ಬೆಳೆಯ ಮೂರನೆಯ ಒಂದು ಪಾಲು ಬಾಡಿಹೋಯಿತೆಂದು ಅವನು ಬರೆದಾನು. ರೈತನು ಗದ್ದೆಯ ಬದುವಿನ ಮೇಲೆ ನಿಂತು ನಕ್ಕಾನು. ಬರಗಾಲದ ಲೆಕ್ಕವನ್ನು ಇಂತಹ ಪಟಗಳಿಂದ ಮಾಡುವ ಕಾಲದಲ್ಲಿ ಈ ನಗೆಯು ಬಹಳ ಹೊತ್ತು ನಿಲ್ಲತಕ್ಕದ್ದಲ್ಲ.

ಲ್ಯಾಂಡ್‌ಸ್ಯಾಟಿನವರೂ 2020ರಲ್ಲಿ ಹೊಸ ಸಂಗ್ರಹವನ್ನು ಹೊರಡಿಸಿದಾಗ ಮಾನವನ್ನು ಬದಲಾಯಿಸಿದರು. ಹಿಂದೆ 0.0001ರಿಂದ ಗುಣಿಸಿದರೆ ಸಾಕಾಗಿದ್ದಿತು, ಈಗ 0.0000275ರಿಂದ ಗುಣಿಸಿ ಆಮೇಲೆ 0.2ನ್ನು ಕಳೆಯಬೇಕು. 18182 ಎಂಬುದು ಹೊಸ ಮಾನದಲ್ಲಿ 0.3, ಹಳೆಯ ಮಾನದಲ್ಲಿ 1.8 ಆಗಿ, ನೆಲವು ತನಗೆ ಬಂದ ಬೆಳಕಿಗಿಂತ ಹೆಚ್ಚನ್ನು ಮರಳಿಸಿದಂತಾಗುತ್ತದೆ. ಸೆಂಟಿನೆಲಿನಲ್ಲಿ ಮೊದಲು ಕ್ಷೇಪವನ್ನು ಕಳೆದು ಆಮೇಲೆ ಭಾಗಿಸಬೇಕು, ಲ್ಯಾಂಡ್‌ಸ್ಯಾಟಿನಲ್ಲಿ ಮೊದಲು ಗುಣಿಸಿ ಆಮೇಲೆ ಕಳೆಯಬೇಕೆಂಬ ಅನುಕ್ರಮಭೇದವನ್ನೂ ಗಮನಿಸಬೇಕು. ಆರ್ಯಭಟನು ಗಣಿತಪಾದದಲ್ಲಿ ಹೇಳಿರುವ ವಿಲೋಮವಿಧಿಯು ಇದೇ: ಹೋದ ದಾರಿಯನ್ನು ಹಿಂದುಮುಂದಾಗಿ ನಡೆದು, ಗುಣಕವನ್ನು ಭಾಜಕವಾಗಿಯೂ ಕ್ಷೇಪವನ್ನು ಶೋಧ್ಯವಾಗಿಯೂ ಮಾಡಿಕೊಂಡು ಮೂಲರಾಶಿಯನ್ನು ಸೇರುವುದು. ಹೋದ ದಾರಿ ಯಾವುದೆಂದು ಯಾರೂ ಬರೆದಿಡದಿದ್ದರೆ ವಿಲೋಮಕ್ಕೆ ಆಸ್ಪದವೇ ಇಲ್ಲ.

ಇದಕ್ಕಿಂತಲೂ ನನ್ನ ಮನಸ್ಸನ್ನು ಹಿಡಿದ ವಿಷಯವೊಂದುಂಟು, ಅದು ಶೂನ್ಯದ್ದು. ಅಮೆರಿಕದ ಸೈನ್ಯದ ನಿರ್ಮಾಣಸಂಶೋಧನಾಲಯದಲ್ಲಿ 1982ರಲ್ಲಿ ಆರಂಭವಾಗಿ ಇಂದಿಗೂ ಬೆಳೆಯುತ್ತಿರುವ ಗ್ರಾಸ್ ಎಂಬ ಜಿ.ಐ.ಎಸ್. ತಂತ್ರವುಂಟು. ಮೊದಮೊದಲು ಅದರ ಪಟಗಳಲ್ಲಿ ಪೂರ್ಣಾಂಕಗಳು ಮಾತ್ರವೇ ಇರಬಹುದಾಗಿದ್ದಿತು. ಅಳತೆಯೇ ಇಲ್ಲದ ಮನೆಯನ್ನು 0 ಎಂದು ಗುರುತಿಸುತ್ತಿದ್ದರು. ಹೀಗಾಗಿ ಸಮುದ್ರಮಟ್ಟದ ನೆಲವೂ ಅಳೆಯದೆ ಬಿಟ್ಟ ನೆಲವೂ ಒಂದೇ ಆಗಿಬಿಡುತ್ತಿದ್ದುವು. ಐದನೆಯ ಆವೃತ್ತಿಯಲ್ಲಿ ಭಿನ್ನಸಂಖ್ಯೆಗಳಿಗೆ ಅವಕಾಶ ದೊರೆಯಿತು. ಅದರೊಂದಿಗೆ ನಲ್ ಎಂಬ ಬೇರೆ ಗುರುತೂ ಬಂದಿತು. ತರ್ಕಶಾಸ್ತ್ರವನ್ನು ಓದಿದವರಿಗೆ ಇದು ಪರಿಚಿತವಾದ ವಿವಾದ. ಭೂತಲದಲ್ಲಿ ಘಟವಿಲ್ಲವೆಂಬುದು ಘಟದ ಒಂದು ಪ್ರಮಾಣವಲ್ಲ, ಅಭಾವವೆಂಬ ಬೇರೆಯ ಪದಾರ್ಥವೇ ಎಂದು ನೈಯಾಯಿಕರು ಹೋರಾಡಿದರು. ಎತ್ತರವು ಸೊನ್ನೆ ಎಂಬುದು ಭಾವ. ಎತ್ತರವು ತಿಳಿಯದು ಎಂಬುದು ಅಭಾವ. ಎಂಡೆವರ್ ನೌಕೆಯ ಹಾಳೆಗಳಲ್ಲಿ ಅಳತೆ ಸಿಕ್ಕದ ಮನೆಗೆ −32768 ಎಂದೂ, ಮೋಡಿಸ್ ಹಸುರುಪಟದಲ್ಲಿ −3000 ಎಂದೂ ಬರೆದಿದ್ದಾರೆ. ಇವು ಸಂಖ್ಯೆಯ ವೇಷದಲ್ಲಿರುವ ಅಭಾವಗಳು. ಗುಣಿಸಿ ಇಳಿಸುವಾಗ ಇವನ್ನು ಬೇರ್ಪಡಿಸದಿದ್ದರೆ ಇವೂ ಅಳತೆಗಳಾಗಿ ಸರಾಸರಿಯಲ್ಲಿ ಸೇರಿ, ಬೆಟ್ಟದ ಸೀಮೆಯನ್ನು ಪಾತಾಳಕ್ಕೆ ತಳ್ಳುತ್ತವೆ.

ಗುಣಕವನ್ನು ಆರಿಸುವಾಗ ಪಾತ್ರೆಯನ್ನೂ ನೋಡಿಕೊಳ್ಳಬೇಕು. ಮುಳ್ಳಯ್ಯನಗಿರಿಯ 1930 ಮೀಟರನ್ನು ಮೀಟರಿನ ಹತ್ತನೆಯ ಒಂದು ಪಾಲಿನಲ್ಲಿ ಬರೆದರೆ 19300. ಎರಡು ಬೈಟುಗಳಲ್ಲಿ ಸುಖವಾಗಿ ಹಿಡಿಯುತ್ತದೆ. ಹಿಮಾಲಯದ ಎವರೆಸ್ಟನ್ನು ಹಾಗೆಯೇ ಬರೆದರೆ 88489 ಆಗಿ 65535ನ್ನು ಮೀರಿತು. ಕೆಲವು ತಂತ್ರಗಳು ಅಲ್ಲಿಗೇ ತಡೆದು ಶಿಖರವನ್ನು 6553.5 ಮೀಟರಿಗೆ ಬೋಳಿಸುತ್ತವೆ; ಕೆಲವು ಸುತ್ತುಹಾಕಿ 22953 ಎಂದು ಬರೆದು ಅದನ್ನು 2295 ಮೀಟರಿನ ಗುಡ್ಡವನ್ನಾಗಿ ಮಾಡುತ್ತವೆ.

ಈಗ ಬೀರೂರಿನ ಮೆಟ್ಟಿಲಿಗೆ ಹಿಂದಿರುಗುತ್ತೇನೆ. ಎಂಡೆವರ್ ನೌಕೆಯ ಎತ್ತರಗಳನ್ನು ಒಂದೊಂದು ಅಂಶದ ಹಾಳೆಗಳಾಗಿ ಕತ್ತರಿಸಿ ಹಂಚಿದ್ದಾರೆ. ಪೂರ್ವರೇಖಾಂಶ 76ರ ಗೆರೆಯು ಬೀರೂರಿಗೂ ಕಡೂರಿಗೂ ನಡುವೆ ಹಾಯುತ್ತದೆ. ಆದಕಾರಣ ಒಂದೂರು ಒಂದು ಹಾಳೆಯಲ್ಲಿ, ಇನ್ನೊಂದು ಮತ್ತೊಂದರಲ್ಲಿ. 1998ರಲ್ಲಿ ಫ್ರಾಂಕ್ ವಾರ್ಮರ್‌ಡ್ಯಾಮ್ ಆರಂಭಿಸಿದ ಜಿಡಾಲ್ ಎಂಬ ಉಪಕರಣವು ಈ ವಿದ್ಯೆಯಲ್ಲಿ ಎಲ್ಲರ ಕೈಯಲ್ಲಿಯೂ ಇರುವುದು. ಅದರಲ್ಲಿ ಸ್ಕೇಲ್ ಎಂಬ ಆಜ್ಞೆಗೆ ಮೇರೆಗಳನ್ನು ಹೇಳದೆ ಬಿಟ್ಟರೆ, ಅದು ಆಯಾ ಹಾಳೆಯ ಅತ್ಯಲ್ಪವನ್ನೂ ಅತ್ಯಧಿಕವನ್ನೂ ತಾನೇ ಹುಡುಕಿ, ಅವೆರಡರ ನಡುವಣ ಎತ್ತರಗಳನ್ನು 0ಯಿಂದ 255ಕ್ಕೆ ಹಿಗ್ಗಿಸುತ್ತದೆ. ಚಿತ್ರವನ್ನು ಕಣ್ಣಿಗೆ ಚೆನ್ನಾಗಿ ಕಾಣಿಸಬೇಕೆಂಬವರಿಗೆ ಅದು ಸರಿಯೇ. ಪಟವನ್ನು ಕೊಟ್ಟ ಕಚೇರಿಯಲ್ಲಿ ಪ್ರತಿಯೊಂದು ಹಾಳೆಯನ್ನೂ ಪ್ರತ್ಯೇಕವಾಗಿ ಹೀಗೆ ಇಳಿಸಿ, ಆಮೇಲೆ ಅಂಟಿಸಿದ್ದರು. ಪಶ್ಚಿಮದ ಹಾಳೆಯಲ್ಲಿ ಘಟ್ಟದ ಕೆಳಗಣ ನೆಲವೂ ಮುಳ್ಳಯ್ಯನಗಿರಿಯೂ ಇವೆ. ಪೂರ್ವದ್ದರಲ್ಲಿ ಅಷ್ಟು ಏರಿಳಿತವಿಲ್ಲ. ಲೆಕ್ಕದ ಸೌಕರ್ಯಕ್ಕಾಗಿ ಮೊದಲನೆಯದರ ಮೇರೆಗಳು 30 ಮತ್ತು 1930, ಎರಡನೆಯದರವು 500 ಮತ್ತು 1300 ಎಂದಿಟ್ಟುಕೊಳ್ಳೋಣ. 760 ಮೀಟರಿನ ಕೆರೆಯೊಂದು ಮೊದಲನೆಯದರಲ್ಲಿ 98, ಎರಡನೆಯದರಲ್ಲಿ 83. ಒಂದರಲ್ಲಿ ಮೆಟ್ಟಿಲೊಂದಕ್ಕೆ ಏಳೂವರೆ ಮೀಟರು, ಇನ್ನೊಂದರಲ್ಲಿ ಮೂರು ಮೀಟರಿಗಿಂತ ತುಸು ಹೆಚ್ಚು. ಒಂದೇ ಮಟ್ಟದ ಎರಡು ಕೆರೆಗಳು ಪಶ್ಚಿಮದ ಮಾನದಿಂದ ಎಣಿಸಿದರೆ ಸುಮಾರು 112 ಮೀಟರು ಏರುಪೇರಾದುವು. ಖಂಡಖಾದ್ಯಕದ ಜ್ಯೆಯನ್ನು ಪಂಚಸಿದ್ಧಾಂತಿಕೆಯ ತ್ರಿಜ್ಯೆಯಿಂದ ಭಾಗಿಸುವ ಕೆಲಸವನ್ನೇ ನಾನು ಮಾಡಿದ್ದೆನು.

ಮೇರೆಗಳನ್ನು ಕಚೇರಿಯವರು ಎಲ್ಲಿಯೂ ಬರೆದಿಟ್ಟಿರಲಿಲ್ಲ; ಕೇಳಿದಾಗ, ಪಟವು ಚೆನ್ನಾಗಿಯೇ ಕಾಣುತ್ತದೆಯಲ್ಲವೆ ಎಂದರು. ಆದುದರಿಂದ ಆ ಪಟದಿಂದ ಮೂಲದ ಎತ್ತರಗಳನ್ನು ಪಡೆಯುವ ಮಾರ್ಗವಿರಲಿಲ್ಲ. ಶಿಷ್ಯನು ಮೂಲದ ಹಾಳೆಗಳನ್ನೇ ತಂದು, ಮೀಟರುಗಳನ್ನು ಮೀಟರುಗಳಾಗಿಯೇ ಬಿಟ್ಟು, ಎರಡನ್ನೂ ಜೋಡಿಸಿದನು. ಮೆಟ್ಟಿಲು ಮಾಯವಾಯಿತು, ಅದರೊಂದಿಗೆ ನನ್ನ ಎರಡು ಪುಟಗಳೂ ಹೋದುವು. ಎತ್ತರಕ್ಕೂ ಕೆರೆಗಳ ಕಾಲಕ್ಕೂ ನಾನು ಊಹಿಸಿದ ಸಂಬಂಧವು ಆ ಸೀಮೆಯಲ್ಲಿ ಕಾಣಲಿಲ್ಲ. ಶಾಸನಗಳ ಪಟ್ಟಿಯನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಅದರೊಡನೆ ಇಟ್ಟಿರುವ ಪಟದ ಕೆಳಗೆ ಹೀಗೆ ಬರೆಸಿದ್ದೇನೆ: ಮಾನ ಮೀಟರು, ಗುಣಕ 1, ಕ್ಷೇಪ 0, ಅಭಾವ −32768.